ಪುನರ್ಪುಳಿ ಬಣ್ಣದ ಚಿನ್ನ: ನ್ಯಾನೊಕಣ ಮಾಡಿ, ಹೊದಿಕೆ ಹಾಕಿ, ಹಾಕಿದ್ದು ನಿಜವಾಗಿಯೂ ಕೂತಿದೆಯಾ ಎಂದು ನೋಡುವ ಬಗೆ

ಚಿನ್ನದ ನ್ಯಾನೊಕಣ ಮಾಡುವುದಕ್ಕೆ ಒಂದು ಗಂಟೆಯೂ ಬೇಡ. ಒಂದು ಹಾಟ್ ಪ್ಲೇಟು, ಒಂದು ಫ್ಲಾಸ್ಕು, ಎರಡು ರಾಸಾಯನಿಕ (ಚಿನ್ನದ ಉಪ್ಪು ಮತ್ತು ಸಿಟ್ರೇಟ್), ಶುದ್ಧ ನೀರು. ಇಷ್ಟಿದ್ದರೆ ಆಯಿತು. ಆದರೆ ಹಾಗೆ ಮಾಡಿದ ಕೆಂಪು ದ್ರಾವಣಕ್ಕೆ ಒಂದು ಚಿಟಿಕೆ ಉಪ್ಪು ಬೀಳಲಿ, ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಮರುದಿನ ಬೆಳಗ್ಗೆ ನೋಡಿದರೆ ಬಾಟಲಿಯ ತಳದಲ್ಲಿ ಕಪ್ಪು ಗಸಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ಉಪ್ಪೇ ದೊಣ್ಣೆ.

ಹಾಗಾಗಿ ನಿಜವಾದ ಕೆಲಸ ಇರುವುದು ಕಣ ಮಾಡುವುದರಲ್ಲಿ ಅಲ್ಲ. ಅದಕ್ಕೆ ಹೊದಿಕೆ ಹಾಕುವುದರಲ್ಲಿ, ಆಮೇಲೆ ಆ ಹೊದಿಕೆ ಇದೆ ಎಂದು ತೋರಿಸುವುದರಲ್ಲಿ. ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ "ಲೇಪನ ಮಾಡಲಾಯಿತು" ಎಂಬ ಒಂದು ವಾಕ್ಯ ಬರೆದು ಮುಂದೆ ಹೋಗುವವರೇ ಜಾಸ್ತಿ. ಏನು ಸಾಕ್ಷಿ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಈ ಬರಹ ಎಂಎಸ್‌ಸಿ ಪ್ರಾಜೆಕ್ಟ್ ಮಾಡುತ್ತಿರುವವರಿಗೆ, ಪಿಎಚ್‌ಡಿ ಮೊದಲ ವರ್ಷದಲ್ಲಿ ಇರುವವರಿಗೆ. ಫ್ಯೂಮ್ ಹುಡ್, ಗ್ಲೌಸು, ಕನ್ನಡಕ ಇರುವ ಲ್ಯಾಬಿನಲ್ಲೇ ಮಾಡಬೇಕಾದ ಕೆಲಸ ಇದು. ಮನೆಯ ಅಡುಗೆಮನೆಯಲ್ಲಿ ಬೇಡ.

ಮೊದಲು ಗಾಜು

ಹತ್ತರಲ್ಲಿ ಏಳು ಬ್ಯಾಚು ಕೆಡುವುದು ಕೊಳೆ ಗಾಜಿನಿಂದ ಎಂದು ನನ್ನ ಅಂದಾಜು. ಹಿಂದಿನ ಸಲದ ಚಿನ್ನ ಫ್ಲಾಸ್ಕಿನ ಒಳಗೋಡೆಗೆ ಕಣ್ಣಿಗೆ ಕಾಣದಷ್ಟು ಅಂಟಿಕೊಂಡಿರುತ್ತದೆ. ಹೊಸ ಚಿನ್ನ ದ್ರಾವಣದಲ್ಲಿ ಹುಟ್ಟುವ ಬದಲು ಹೋಗಿ ಅದರ ಮೇಲೇ ಬೆಳೆಯುತ್ತದೆ. ಹಾಗಾಗಿ ಫ್ಲಾಸ್ಕು ಮತ್ತು ಮ್ಯಾಗ್ನೆಟ್ ಎರಡನ್ನೂ ಆಕ್ವಾ ರೀಜಿಯಾದಲ್ಲಿ ತೊಳೆಯಬೇಕು. ಮೂರು ಪಾಲು ಹೈಡ್ರೋಕ್ಲೋರಿಕ್ ಆಸಿಡ್, ಒಂದು ಪಾಲು ನೈಟ್ರಿಕ್ ಆಸಿಡ್. ಬೇಕಾದಷ್ಟೇ, ಬೇಕಾದಾಗಲೇ ಕಲಸಿ. ಫ್ಯೂಮ್ ಹುಡ್ಡಿನ ಒಳಗೇ ಇರಲಿ. ಇದರಿಂದ ಕ್ಲೋರಿನ್, ನೈಟ್ರೋಸಿಲ್ ಕ್ಲೋರೈಡ್ ಬರುತ್ತಿರುತ್ತವೆ, ಹಾಗಾಗಿ ಯಾವ ಕಾರಣಕ್ಕೂ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಬೇಡಿ, ಸಿಡಿಯುತ್ತದೆ. ಅಸಿಟೋನ್, ಎಥನಾಲ್ ಹತ್ತಿರಕ್ಕೂ ತರಬೇಡಿ. ಆಮೇಲೆ ಡಿಐ ನೀರಿನಲ್ಲಿ (ಅಯಾನು ತೆಗೆದ ಶುದ್ಧ ನೀರು) ಹತ್ತು ಸಲ ಜಾಲಿಸಿ. ನಲ್ಲಿ ನೀರಿನಲ್ಲಿ ಜಾಲಿಸಿ ಬಿಟ್ಟರೆ ಅದರಲ್ಲಿರುವ ಕ್ಯಾಲ್ಸಿಯಂ ಮತ್ತೆ ನಿಮ್ಮ ಕಣಗಳನ್ನೇ ಕೆಡಿಸುತ್ತದೆ. ಬೋರ್‌ವೆಲ್ ನೀರಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಸೋಲಾರ್ ಪೈಪು ನೋಡಿದರೆ ಸಾಕು.

ಎರಡನೆಯ ಕೇಡು ಚಮಚದಿಂದ. ನಾನು ಈ ಕೆಲಸ ಶುರು ಮಾಡಿದಾಗ ಸತತ ಮೂರು ಬ್ಯಾಚು ನೇರಳೆ ಹಣ್ಣಿನ ಬಣ್ಣಕ್ಕೆ ಬಂದವು. ನೀರು ಬದಲಾಯಿಸಿದೆ, ಸಿಟ್ರೇಟ್ ಬದಲಾಯಿಸಿದೆ, ಹಾಟ್ ಪ್ಲೇಟನ್ನೂ ಬೈದೆ. ಕೊನೆಗೆ ಒಬ್ಬ ಸೀನಿಯರ್ ಬಂದು ನನ್ನ ಸ್ಟೀಲ್ ಸ್ಪ್ಯಾಚುಲಾ ಕೈಗೆತ್ತಿಕೊಂಡು ತುದಿ ತೋರಿಸಿದರು. ಕಂದು ಕಪ್ಪು ಮಸಿ ಹಿಡಿದಿತ್ತು. ಚಿನ್ನದ ಉಪ್ಪು ಕಬ್ಬಿಣ ಕಂಡರೆ ಬಿಡುವುದಿಲ್ಲ. ಅದರಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅಲ್ಲೇ ಲೋಹವಾಗಿ ಕೂತುಬಿಡುತ್ತದೆ. ಅಂದಿನಿಂದ ಪ್ಲಾಸ್ಟಿಕ್ ಚಮಚವೇ ಗತಿ.

ಅದಕ್ಕಿಂತ ಒಳ್ಳೆಯ ದಾರಿ ಎಂದರೆ ಚಿನ್ನದ ಉಪ್ಪನ್ನು ತೂಗುವುದೇ ಬೇಡ. ಕ್ಲೋರೋಆರಿಕ್ ಆಸಿಡ್ ಟ್ರೈಹೈಡ್ರೇಟ್ ಎಂಬ ಈ ಕಿತ್ತಳೆ ಹಳದಿ ಹರಳು ಮಳೆಗಾಲದ ಬೆಲ್ಲದ ಹಾಗೆ ಬೆವರುತ್ತದೆ. ತಕ್ಕಡಿಯ ಮೇಲೆ ಇಟ್ಟಷ್ಟು ಹೊತ್ತೂ ನೀರು ಹೀರಿ ತೂಕ ಏರುತ್ತಲೇ ಇರುತ್ತದೆ. 1 ಗ್ರಾಂ ಬಾಟಲಿ ತಂದಿರಾ, ಇಡೀ ಬಾಟಲಿಯನ್ನೇ ತೊಳೆದು ತೊಳೆದು 25.4 ಮಿ.ಲೀ. ಡಿಐ ನೀರಿಗೆ ಇಳಿಸಿ. ಅಣುತೂಕ 393.8, ಹಾಗಾಗಿ 100 ಮಿಲಿಮೋಲಾರ್ ಸ್ಟಾಕ್ ಸಿಕ್ಕಿತು. ಕಂದು ಗಾಜಿನ ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿ ಇಡಿ. ಅಂದಹಾಗೆ ಆ ಒಂದು ಗ್ರಾಮಿನಲ್ಲಿ ಅರ್ಧ ಗ್ರಾಂ ಅಪ್ಪಟ ಚಿನ್ನ ಇರುತ್ತದೆ. ಕೈ ಜಾರಿ ಚೆಲ್ಲುವ ಮುಂಚೆ ನೆನಪಿರಲಿ. ಚರ್ಮಕ್ಕೆ ತಾಗಿದರೆ ನೇರಳೆ ಕಲೆ ಬೇರೆ, ವಾರವಾದರೂ ಹೋಗುವುದಿಲ್ಲ.

ಕಣ ಮಾಡುವುದು

ನಾವು ಹಿಡಿಯುವುದು ಹಳೆಯ, ಗಟ್ಟಿ ದಾರಿ. 1951ರಲ್ಲಿ ಟರ್ಕೆವಿಚ್ ಮತ್ತು ಸಂಗಡಿಗರು ತೋರಿಸಿದ ಸಿಟ್ರೇಟ್ ವಿಧಾನ. 1973ರಲ್ಲಿ ಫ್ರೆನ್ಸ್ ಅದನ್ನೇ ತಿದ್ದಿ, ಸಿಟ್ರೇಟ್ ಪ್ರಮಾಣ ಕಡಿಮೆ ಮಾಡುತ್ತಾ ಹೋದರೆ ಕಣ ದೊಡ್ಡದಾಗುತ್ತದೆ ಎಂದು ತೋರಿಸಿದರು. 0.01% ಚಿನ್ನದ ದ್ರಾವಣ 50 ಮಿ.ಲೀ.ಗೆ 1% ಸಿಟ್ರೇಟ್ 1 ಮಿ.ಲೀ. ಹಾಕಿದಾಗ ಅವರಿಗೆ 16 ನ್ಯಾನೊಮೀಟರ್ ಕಣ ಸಿಕ್ಕಿತ್ತು, ಅರ್ಧ ಮಿ.ಲೀ. ಹಾಕಿದಾಗ 41. ಆದರೆ 40 ದಾಟಿದ ಮೇಲೆ ಕಣಗಳು ಉರುಟಾಗಿ ಬರುವುದಿಲ್ಲ, ಆಲೂಗಡ್ಡೆ ರಾಶಿಯಂತೆ ಬರುತ್ತವೆ. ಮೊದಲ ಸಲಕ್ಕೆ 13 ನ್ಯಾನೊಮೀಟರ್ ಮಾಡಿ. ಅದರಲ್ಲಿ ಸೋಲುವುದು ಕಷ್ಟ.

ಸ್ಟಾಕಿನಿಂದ 0.5 ಮಿ.ಲೀ. ತೆಗೆದು 49.5 ಮಿ.ಲೀ. ನೀರಿಗೆ ಹಾಕಿ. 1 ಮಿಲಿಮೋಲಾರ್ ಆಯಿತು. ಇದರಲ್ಲಿರುವ ಚಿನ್ನ ಬರೀ 10 ಮಿ.ಗ್ರಾಂ. ಇನ್ನೊಂದು ಕಡೆ 114 ಮಿ.ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟನ್ನು 10 ಮಿ.ಲೀ. ನೀರಿನಲ್ಲಿ ಕರಗಿಸಿ, ಅದು 38.8 ಮಿಲಿಮೋಲಾರ್. ಸಿಟ್ರೇಟ್ ಅಂದಂದೇ ಮಾಡಿಕೊಳ್ಳಿ. ಹಳೆಯದರಲ್ಲಿ ಬೂಷ್ಟು ಬೆಳೆಯುತ್ತದೆ.

ಚಿನ್ನದ ದ್ರಾವಣವನ್ನು ಕಂಡೆನ್ಸರ್ ಹಾಕಿದ ದುಂಡು ಫ್ಲಾಸ್ಕಿನಲ್ಲಿ ಜೋರಾಗಿ ತಿರುಗಿಸುತ್ತಾ ಕುದಿಸಿ. ಕುದಿ ಎಂದರೆ ಕುದಿ, ಬರೀ ಹಬೆ ಆಡಿದರೆ ಸಾಲದು. ಆಗ 5 ಮಿ.ಲೀ. ಸಿಟ್ರೇಟನ್ನು ಒಂದೇ ಸಲಕ್ಕೆ ಸುರಿಯಿರಿ. ಹನಿ ಹನಿಯಾಗಿ ಬೇಡ. ಹನಿ ಹಾಕಿದರೆ ಮೊದಲು ಹುಟ್ಟಿದವು ದೊಡ್ಡಣ್ಣ, ಆಮೇಲೆ ಹುಟ್ಟಿದವು ಪುಟ್ಟ ತಮ್ಮ, ಒಂದೇ ಅಳತೆ ಇರುವುದಿಲ್ಲ.

ಈಗ ಪಕ್ಕದವರ ಜೊತೆ ಮಾತಾಡದೆ ಫ್ಲಾಸ್ಕನ್ನೇ ನೋಡಿ. ತೆಳು ಹಳದಿ ಮೊದಲು ಮಾಯವಾಗಿ ನೀರಿನಂತೆ ಆಗುತ್ತದೆ. ಏನೋ ಕೆಟ್ಟಿತು ಅನ್ನಿಸುವಷ್ಟರಲ್ಲಿ ಬೂದು ಬಣ್ಣ, ಆಮೇಲೆ ಶಾಯಿ ಚೆಲ್ಲಿದಂತೆ ಕಡು ನೀಲಿ, ಅದು ನೇರಳೆ, ಕೆಲವೇ ನಿಮಿಷದಲ್ಲಿ ಕೆಂಪು. ಗಟ್ಟಿ ಪುನರ್ಪುಳಿ ಶರಬತ್ತನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಕಿಟಕಿಗೆ ಹಿಡಿದರೆ ಹೇಗೆ ಕಾಣುತ್ತದೋ ಹಾಗೆ. ನೂರು ಸಲ ಮಾಡಿದ ಮೇಲೂ ಆ ಕೊನೆಯ ತಿರುವನ್ನು ನಿಂತು ನೋಡುತ್ತೇನೆ. ಕೆಂಪು ಬಂದ ಮೇಲೂ 10-15 ನಿಮಿಷ ಕುದಿಯಲಿ, ಆಮೇಲೆ ಬಿಸಿ ತೆಗೆದು ಇನ್ನೂ 15 ನಿಮಿಷ ತಿರುಗಲಿ. ತಣ್ಣಗಾದ ಮೇಲೆ ಬಾಟಲಿಗೆ ತುಂಬಿಸಿ.

ಸಿಟ್ರೇಟ್ ಇಲ್ಲಿ ಎರಡು ಕೆಲಸ ಮಾಡಿದೆ. ಚಿನ್ನದ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಲೋಹ ಮಾಡಿದೆ. ಹಾಗೆ ಹುಟ್ಟಿದ ಕಣದ ಮೈಮೇಲೆ ಕೂತು ಋಣ ವಿದ್ಯುದಂಶ ಕೊಟ್ಟಿದೆ. ಎಲ್ಲ ಕಣಕ್ಕೂ ಒಂದೇ ಚಿಹ್ನೆ, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಹಾಕಿದರೆ ಸೋಡಿಯಂ ಅಯಾನುಗಳು ಮಧ್ಯೆ ಬಂದು ಆ ತಳ್ಳಾಟವನ್ನು ಮರೆಮಾಚುತ್ತವೆ. ಕಣಗಳು ಹತ್ತಿರ ಬಂದು ಅಂಟಿಕೊಳ್ಳುತ್ತವೆ. ಅಂಟಿದ ಚಿನ್ನವನ್ನು ಬಿಡಿಸುವುದು ನಿಮ್ಮಿಂದ ಆಗುವುದಿಲ್ಲ. ಸೋನಿಕೇಟರಿನಲ್ಲಿ ಇಟ್ಟು ಅಲ್ಲಾಡಿಸಿದರೆ ಸರಿಹೋಗುತ್ತದೆ ಎನ್ನುವವರ ಮಾತು ನಂಬಬೇಡಿ.

ಎಷ್ಟು ಕಣ ಇವೆ? ಲೆಕ್ಕ ಹಾಕದೆ ಹೊದಿಕೆ ಹಾಕಬೇಡಿ

ಇದನ್ನು ಬಿಟ್ಟು ಮುಂದೆ ಹೋಗುವವರು ಜಾಸ್ತಿ. ಹೊದಿಕೆ ಎಷ್ಟು ಬೇಕು ಎನ್ನುವುದು ಕಣಗಳ ಒಟ್ಟು ಮೈಯಳತೆಯ ಮೇಲೆ ನಿಂತಿದೆ. ಮದುವೆಗೆ ಎಷ್ಟು ಜನ ಬರುತ್ತಾರೆ ಎಂದು ಗೊತ್ತಿಲ್ಲದೆ ಅಕ್ಕಿ ಹಾಕುತ್ತಾರಾ?

13 ನ್ಯಾನೊಮೀಟರ್ ಗೋಳದಲ್ಲಿ ಸುಮಾರು 68,000 ಚಿನ್ನದ ಪರಮಾಣು ಹಿಡಿಯುತ್ತವೆ. ನಮ್ಮ 55 ಮಿ.ಲೀ. ದ್ರಾವಣದಲ್ಲಿ ಚಿನ್ನ 0.91 ಮಿಲಿಮೋಲಾರ್. ಭಾಗಿಸಿದರೆ ಕಣಗಳ ಸಾಂದ್ರತೆ ಸುಮಾರು 13 ನ್ಯಾನೊಮೋಲಾರ್. ಅಂದರೆ ಒಂದು ಮಿಲಿಲೀಟರಿನಲ್ಲಿ 8 ಲಕ್ಷ ಕೋಟಿ ಕಣ. ಒಂದೊಂದರ ಮೈ 531 ಚದರ ನ್ಯಾನೊಮೀಟರ್.

ಈ ಲೆಕ್ಕ ಸರಿಯಾ ಎಂದು, ದ್ರಾವಣ ಯಾವ ಬಣ್ಣದ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಯುವಿ-ವಿಸ್ ಯಂತ್ರದಲ್ಲೇ ನೋಡಬಹುದು. 13 ನ್ಯಾನೊಮೀಟರ್ ಕಣಕ್ಕೆ ಬೆಳಕು ತಡೆಯುವ ಗುಣಾಂಕ 520 ನ್ಯಾನೊಮೀಟರ್ ತರಂಗಾಂತರದ ಹತ್ತಿರ 2.7×10⁸ (ಮೋಲಾರಿಗೆ, ಸೆಂಟಿಮೀಟರಿಗೆ). ನಮ್ಮ ದ್ರಾವಣಕ್ಕೆ ಗುಣಿಸಿದರೆ 3.6 ಬರುತ್ತದೆ. ಇಷ್ಟು ಗಾಢವಾದದ್ದನ್ನು ಯಂತ್ರ ನೆಟ್ಟಗೆ ಅಳೆಯುವುದಿಲ್ಲ. ಐದು ಪಟ್ಟು ತೆಳು ಮಾಡಿ ಅಳೆಯಿರಿ, 0.7ರ ಆಸುಪಾಸು ಬರಬೇಕು. ಶಿಖರ 518-520 ನ್ಯಾನೊಮೀಟರಿನಲ್ಲಿ ಚೂಪಾಗಿ ಇರಬೇಕು. ಬಲಗಡೆ 650ರಲ್ಲಿ ಗೆರೆ ಹೆಚ್ಚುಕಡಿಮೆ ನೆಲಕ್ಕೆ ಇಳಿದಿರಬೇಕು. 650ರ ಅಳತೆಯನ್ನು 520ರ ಅಳತೆಯಿಂದ ಭಾಗಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಳ್ಳೆಯ ಬ್ಯಾಚಿಗೆ ಅದು 0.1ರ ಹತ್ತಿರ ಇರುತ್ತದೆ. ಈ ಒಂದು ಸಂಖ್ಯೆ ಮುಂದೆ ಪ್ರತಿ ಹೆಜ್ಜೆಯಲ್ಲೂ ಬೇಕು. ಕಣ ಅಂಟಿಕೊಳ್ಳಲು ಶುರು ಮಾಡಿದರೆ ಮೊದಲು ಏರುವುದು ಇದೇ.

ಹೊದಿಕೆ: ನಾರಿನದು

ಹೊದಿಕೆಯಲ್ಲಿ ಎರಡು ಜಾತಿ. ಒಂದು ತೆಂಗಿನಕಾಯಿ ನಾರಿನ ಹಾಗೆ, ಮೆತ್ತಗೆ, ಎಳೆ ಎಳೆಯಾಗಿ. ಇನ್ನೊಂದು ಕರಟದ ಹಾಗೆ, ಗಟ್ಟಿ ಚಿಪ್ಪು. ಪೆಗ್ ಎಂದು ಕರೆಯುವ ಪಾಲಿಥಿಲೀನ್ ಗ್ಲೈಕಾಲ್ ನಾರಿನ ಜಾತಿಯದು. ಒಂದು ತುದಿಯಲ್ಲಿ ಥಯಾಲ್ ಇರುವ ಪೆಗ್ ತಂದರೆ ಅದರ ಗಂಧಕ ಚಿನ್ನವನ್ನು ಬಿಗಿಯಾಗಿ ಹಿಡಿಯುತ್ತದೆ, ಉದ್ದನೆಯ ಬಾಲ ನೀರಿನಲ್ಲಿ ಹರಡಿಕೊಳ್ಳುತ್ತದೆ. ಎರಡು ಕಾಯಿ ಡಿಕ್ಕಿ ಹೊಡೆದರೂ ನಾರಿಗೆ ನಾರು ತಾಗುತ್ತದೆ ಅಷ್ಟೇ, ಕರಟಕ್ಕೆ ಕರಟ ತಾಗುವುದಿಲ್ಲ. ಇಲ್ಲಿ ವಿದ್ಯುದಂಶದ ಹಂಗೇ ಇಲ್ಲ. ಹಾಗಾಗಿ ಉಪ್ಪು ಏನೂ ಮಾಡಲಾರದು.

ಮೀಥಾಕ್ಸಿ ಪೆಗ್ ಥಯಾಲ್, ಅಣುತೂಕ 5000, ತೆಗೆದುಕೊಳ್ಳಿ. ಇದನ್ನು ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. ಬಾಟಲಿ ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ. ರೂಮಿನ ಬಿಸಿಗೆ ಬರುವ ತನಕ ಕಾಯಿರಿ, ಇಲ್ಲದಿದ್ದರೆ ಒಳಗೆ ನೀರು ಕೂರುತ್ತದೆ. ಗಾಳಿ ತಾಗಿ ಹಳತಾದರೆ ಎರಡು ಥಯಾಲ್ ಸೇರಿ ಡೈಸಲ್ಫೈಡ್ ಆಗುತ್ತದೆ, ಹಿಡಿತ ಕಮ್ಮಿಯಾಗುತ್ತದೆ. ಆದ್ದರಿಂದ ದ್ರಾವಣ ಮಾಡಿ ವಾರಗಟ್ಟಲೆ ಇಡಬೇಡಿ.

10 ಮಿ.ಲೀ. ಕೆಂಪು ದ್ರಾವಣಕ್ಕೆ ಎಷ್ಟು? ಒಂದು ಚದರ ನ್ಯಾನೊಮೀಟರಿಗೆ 4 ಎಳೆ ಎಂದು ಇಟ್ಟುಕೊಂಡರೆ ಕಣಕ್ಕೆ 2,100 ಎಳೆ, ಒಟ್ಟು 1.4 ಮಿ.ಗ್ರಾಂ. ಎಲ್ಲ ಎಳೆಯೂ ಹೋಗಿ ಕೂರುವುದಿಲ್ಲ, ಹಾಗಾಗಿ ಧಾರಾಳವಾಗಿ 5 ಮಿ.ಗ್ರಾಂ ಹಾಕಿ. 1 ಮಿ.ಲೀ. ನೀರಿನಲ್ಲಿ ಕರಗಿಸಿ, ತಿರುಗುತ್ತಿರುವ ದ್ರಾವಣಕ್ಕೆ ಸುರಿದು, ರಾತ್ರಿಯಿಡೀ ಬಿಡಿ. ಬಣ್ಣ ಬದಲಾಗಬಾರದು. ಬದಲಾದರೆ ಅಲ್ಲಿಗೇ ನಿಲ್ಲಿಸಿ.

ಹೊದಿಕೆ ಹಾಕುವ ಮುಂಚೆ ಸೆಂಟ್ರಿಫ್ಯೂಜಿಗೆ ಹಾಕಬೇಡಿ. ಬರೀ ಸಿಟ್ರೇಟ್ ಇರುವ ಕಣವನ್ನು ತಳಕ್ಕೆ ಒತ್ತಿದರೆ ಅಲ್ಲೇ ಅಂಟಿಕೊಂಡು ಕಪ್ಪು ಚಕ್ಕೆಯಾಗುತ್ತದೆ. ಪೆಗ್ ಕೂತ ಮೇಲೆ 15,000 ಜಿ ವೇಗದಲ್ಲಿ ಒಂದು ಗಂಟೆ ತಿರುಗಿಸಿ. ಗಮನಿಸಿ, ಜಿ ಅಂದೆ, ಆರ್‌ಪಿಎಂ ಅಲ್ಲ. "13,000ಕ್ಕೆ ತಿರುಗಿಸಿದೆ" ಎಂದು ಬರೆದರೆ ಬೇರೆ ರೋಟರ್ ಇರುವವರಿಗೆ ಅದು ಯಾವ ಉಪಯೋಗಕ್ಕೂ ಬಾರದು. ಲೆಕ್ಕ ಸುಲಭ: 1.118×10⁻⁵ ಅನ್ನು ರೋಟರಿನ ತ್ರಿಜ್ಯದಿಂದ (ಸೆಂಟಿಮೀಟರಿನಲ್ಲಿ), ಆಮೇಲೆ ಆರ್‌ಪಿಎಂನ ವರ್ಗದಿಂದ ಗುಣಿಸಿ. 8 ಸೆಂ.ಮೀ. ರೋಟರಿನಲ್ಲಿ 13,000 ಆರ್‌ಪಿಎಂ ಎಂದರೆ ಸುಮಾರು 15,100 ಜಿ.

ತಳದಲ್ಲಿ ಕಡುಕೆಂಪು ಹನಿ, ಮೇಲೆ ಬಣ್ಣವಿಲ್ಲದ ನೀರು. ಮೇಲಿನ ನೀರು ಇನ್ನೂ ಗುಲಾಬಿ ಇದ್ದರೆ ಮತ್ತಷ್ಟು ಹೊತ್ತು ತಿರುಗಿಸಿ. ಪಿಪೆಟ್ಟಿನಲ್ಲಿ ಮೇಲಿನದನ್ನು ತೆಗೆದು, ಹೊಸ ಡಿಐ ನೀರು ಹಾಕಿ, ಮೆಲ್ಲಗೆ ಅಲ್ಲಾಡಿಸಿ. ಹೊದಿಕೆ ಕೂತಿದ್ದರೆ ಆ ಹನಿ ಸಕ್ಕರೆ ಪಾಕ ಕರಗಿದ ಹಾಗೆ ಎಳೆ ಎಳೆಯಾಗಿ ನೀರಿಗೆ ಬಿಟ್ಟುಕೊಳ್ಳುತ್ತದೆ. ಇದನ್ನು ಮೂರು ಸಲ ಮಾಡಿ. ತೊಳೆಯುವುದರಲ್ಲಿ ಜಿಪುಣತನ ಬೇಡ. ನೀರಿನಲ್ಲಿ ಉಳಿದ ಬಿಡಿ ಪೆಗ್ ಮುಂದೆ ಪ್ರತಿಯೊಂದು ಪರೀಕ್ಷೆಯಲ್ಲೂ ನಾನೇ ಹೊದಿಕೆ ಎಂದು ಸುಳ್ಳು ಹೇಳುತ್ತದೆ.

ಹೊದಿಕೆ: ಕರಟದ್ದು

ಸಿಲಿಕಾ ಚಿಪ್ಪು ಬೇಕಾದವರಿಗೆ ದಾರಿ ಸ್ವಲ್ಪ ದೂರ. ಆಲ್ಕೋಹಾಲಿನಲ್ಲಿ ಅಮೋನಿಯಾ ಹಾಕಿ ಟಿಇಒಎಸ್ ಎಂಬ ದ್ರವದಿಂದ ಸಿಲಿಕಾ ಬೆಳೆಸುವ ವಿಧಾನವನ್ನು ಸ್ಟೋಬರ್ ಮತ್ತು ಸಂಗಡಿಗರು 1968ರಲ್ಲಿ ಕೊಟ್ಟರು. ತೊಂದರೆ ಏನೆಂದರೆ ಸಿಟ್ರೇಟ್ ಚಿನ್ನ ಎಥನಾಲಿಗೆ ಬಿದ್ದ ಕೂಡಲೇ ಅಂಟಿಕೊಳ್ಳುತ್ತದೆ. ಅದಕ್ಕೇ ಮೊದಲು ಪಿವಿಪಿ ಎಂಬ ಪಾಲಿಮರಿನ ಒಳ ಅಂಗಿ ತೊಡಿಸಿ, ರಾತ್ರಿ ಬಿಟ್ಟು, ತಿರುಗಿಸಿ ತೊಳೆದು, ಆಮೇಲೆ ಎಥನಾಲಿಗೆ ಇಳಿಸುತ್ತಾರೆ.

ಟಿಇಒಎಸ್ ಎಷ್ಟು ಎನ್ನುವುದೂ ಲೆಕ್ಕದ ಮಾತೇ. 13 ನ್ಯಾನೊಮೀಟರ್ ಕಣಕ್ಕೆ ಸುತ್ತ 20 ನ್ಯಾನೊಮೀಟರ್ ಚಿಪ್ಪು ಬೇಕು ಎಂದರೆ ಒಟ್ಟು ವ್ಯಾಸ 53. ಸಿಲಿಕಾ ಸಾಂದ್ರತೆ 2 ಎಂದು ಹಿಡಿದರೆ, ನಮ್ಮ 10 ಮಿ.ಲೀ. ದ್ರಾವಣದ ಕಣಗಳಿಗೆ 12 ಮಿ.ಗ್ರಾಂ ಸಿಲಿಕಾ, ಅಂದರೆ ಸುಮಾರು 46 ಮೈಕ್ರೋಲೀಟರ್ ಟಿಇಒಎಸ್. ಒಂದೇ ಸಲ ಹಾಕಬೇಡಿ, ಎಥನಾಲಿನಲ್ಲಿ ತೆಳು ಮಾಡಿ ಮೂರು ನಾಲ್ಕು ಕಂತಿನಲ್ಲಿ, ನಡುವೆ ಗಂಟೆ ಬಿಟ್ಟು ಹಾಕಿ. ಅವಸರ ಮಾಡಿದರೆ ಸಿಲಿಕಾ ಕಣದ ಮೇಲೆ ಕೂರುವ ಬದಲು ತಾನೇ ಪ್ರತ್ಯೇಕ ಗೋಲಿಗಳಾಗುತ್ತದೆ. ಒಳಗೆ ಚಿನ್ನವಿಲ್ಲದ ಬರೀ ಗಾಜಿನ ಗೋಲಿ. ಟೆಮ್ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ ಬಂದ ಮೇಲೆ ಅದು ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂತವರು ಎಷ್ಟೋ ಜನ. ಸಿದ್ಧವಾದ ಮಾಲನ್ನು ಎಥನಾಲಿನಲ್ಲೇ ಇಡಿ. ನೀರಿನಲ್ಲಿಟ್ಟರೆ, ಅದರಲ್ಲೂ ಕ್ಷಾರ ಇದ್ದರೆ, ಚಿಪ್ಪು ನಿಧಾನವಾಗಿ ಕರಗುತ್ತದೆ.

ಉಪ್ಪಿನ ಪರೀಕ್ಷೆ

ಎಲ್ಲ ದುಬಾರಿ ಯಂತ್ರಗಳಿಗಿಂತ ಮೊದಲು ಇದನ್ನು ಮಾಡಿ. ಇದಕ್ಕೆ ಇತಿಹಾಸವೂ ಇದೆ. 1857ರಲ್ಲಿ ಮೈಕಲ್ ಫ್ಯಾರಡೆ ಲಂಡನ್ನಿನಲ್ಲಿ ಕೆಂಪು ಚಿನ್ನದ ದ್ರಾವಣ ಮಾಡಿ, ಅದಕ್ಕೆ ಉಪ್ಪು ಹಾಕಿದರೆ ನೀಲಿಯಾಗುತ್ತದೆ ಎಂದು ಬರೆದಿದ್ದರು. ಆಮೇಲೆ ಜ಼ಿಗ್ಮಾಂಡಿ ಇದನ್ನೇ ಅಳತೆಗೋಲು ಮಾಡಿದರು. 10 ಮಿ.ಲೀ. ಕೆಂಪು ಚಿನ್ನಕ್ಕೆ 10% ಉಪ್ಪುನೀರು 1 ಮಿ.ಲೀ. ಹಾಕಿದಾಗ ನೀಲಿಯಾಗದಂತೆ ತಡೆಯಲು ಎಷ್ಟು ಮಿಲಿಗ್ರಾಂ ಜೆಲಾಟಿನ್ ಬೇಕು, ಎಷ್ಟು ಗೋಂದು ಬೇಕು? ಆ ಸಂಖ್ಯೆಗೆ ಗೋಲ್ಡ್ ನಂಬರ್ ಎಂದು ಹೆಸರು. ಹಳೆಯ ಕೆಮಿಸ್ಟ್ರಿ ಪಠ್ಯದಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಜ಼ಿಗ್ಮಾಂಡಿಗೆ 1925ರ ನೊಬೆಲ್ ಸಿಕ್ಕಿತು. ನಾವು ಇವತ್ತು ಪೆಗ್ ಹಾಕಿ ಮಾಡುತ್ತಿರುವುದೂ ಅದೇ ಪರೀಕ್ಷೆ, ಹೊದಿಕೆ ಬೇರೆ ಅಷ್ಟೇ.

ಮೂರು ಕ್ಯುವೆಟ್ ಸಾಲಾಗಿ ಇಡಿ. ಮೊದಲನೆಯದಕ್ಕೆ ಬರೀ ಸಿಟ್ರೇಟ್ ಕಣ 900 ಮೈಕ್ರೋಲೀಟರ್, ಜೊತೆಗೆ ನೀರು 100. ಎರಡನೆಯದಕ್ಕೆ ಅದೇ ಸಿಟ್ರೇಟ್ ಕಣ 900, ಆದರೆ ನೀರಿನ ಬದಲು 1 ಮೋಲಾರ್ ಉಪ್ಪುನೀರು 100. ಮೂರನೆಯದಕ್ಕೆ ಪೆಗ್ ಹಾಕಿದ ಕಣ 900, ಅದೇ ಉಪ್ಪುನೀರು 100. ಎಲ್ಲದರಲ್ಲೂ ಕಣಗಳು ಒಂದೇ ತೆಳುವಿಗೆ ಬಂದಿರಲಿ. ಹಿಂದೆ ಬಿಳಿ ಹಾಳೆ ಇಡಿ. ಎರಡನೆಯದು ನೋಡುನೋಡುತ್ತಿದ್ದಂತೆ ನೇರಳೆ, ಆಮೇಲೆ ನೀಲಿ ಬೂದು. ಮೂರನೆಯದು ಕದಲಬಾರದು. ಮೊದಲನೆಯದು ಯಾಕೆ ಬೇಕು ಅಂದರೆ, ಬರೀ ತೆಳುವಾದದ್ದಕ್ಕೆ ಬಣ್ಣ ಎಷ್ಟು ಇಳಿಯುತ್ತದೆ ಎಂದು ತಿಳಿಯಲು. ಅದು ಇಲ್ಲದೆ ಮಾಡಿದ ಪರೀಕ್ಷೆಗೆ ಬೆಲೆ ಇಲ್ಲ.

ಹತ್ತು ನಿಮಿಷದ ನಂತರ ಮೂರನ್ನೂ ಯುವಿ-ವಿಸ್‌ನಲ್ಲಿ ಇಟ್ಟು 650/520 ಲೆಕ್ಕ ಹಾಕಿ. ಪೆಗ್‌ನದು ಅಲ್ಲಾಡದಿದ್ದರೆ ಉಪ್ಪು ಏರಿಸಿ. 5 ಮೋಲಾರ್ ಸ್ಟಾಕಿನಿಂದ 200 ಮೈಕ್ರೋಲೀಟರ್ ತೆಗೆದು 800 ಕಣಕ್ಕೆ ಹಾಕಿದರೆ 1 ಮೋಲಾರ್. ಸಮುದ್ರದ ನೀರಿಗಿಂತ ಜಾಸ್ತಿ ಉಪ್ಪು. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಬಂದು ನೋಡಿ. ಆಗಲೂ ಕೆಂಪಿದ್ದರೆ ಧೈರ್ಯವಾಗಿ ಮುಂದೆ ಹೋಗಿ.

ಬೆಳ್ಳಿಯ ಕಣ ಮಾಡುವವರಿಗೆ ಒಂದು ಮಾತು. ನಿಮ್ಮದು ಹಳದಿ ದ್ರಾವಣ, ಶಿಖರ 400ರ ಹತ್ತಿರ. ನೀವು ಅಡುಗೆ ಉಪ್ಪು ಹಾಕಿದರೆ ಸಿಲ್ವರ್ ಕ್ಲೋರೈಡ್ ಆಗಿ ಎಲ್ಲ ಗೋಜಲಾಗುತ್ತದೆ. ಸೋಡಿಯಂ ನೈಟ್ರೇಟ್ ಬಳಸಿ. ತಾಮ್ರದವರ ಕಷ್ಟವೇ ಬೇರೆ, ಗಾಳಿ ತಾಗಿದರೆ ಆಕ್ಸೈಡ್. ಅವರಿಗೆ ಹೊದಿಕೆಗಿಂತ ಮೊದಲು ನೈಟ್ರೋಜನ್ ಸಿಲಿಂಡರ್ ಬೇಕು.

ಯಂತ್ರಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ

ಟೆಮ್ ಮತ್ತು ಡಿಎಲ್‌ಎಸ್ ಎರಡರಲ್ಲೂ ಅಳೆದಾಗ ಬೇರೆ ಬೇರೆ ಅಳತೆ ಬಂತು, ಯಾವುದು ಸರಿ ಎಂದು ಕೇಳುತ್ತಾರೆ. ಎರಡೂ ಸರಿ. ಟೆಮ್‌ಗೆ ಸಿಪ್ಪೆ ಸುಲಿದ ಕಾಯಿ ಮಾತ್ರ ಕಾಣುತ್ತದೆ. ಪೆಗ್ ಹಗುರ ಪರಮಾಣುಗಳದ್ದು, ಎಲೆಕ್ಟ್ರಾನ್ ಅದನ್ನು ಗಮನಿಸದೆ ದಾಟಿಹೋಗುತ್ತದೆ. ಡಿಎಲ್‌ಎಸ್ ನೀರಿನಲ್ಲಿ ಕಣ ಎಷ್ಟು ವೇಗವಾಗಿ ಅಲೆದಾಡುತ್ತದೆ ಎಂದು ನೋಡುತ್ತದೆ, ಹಾಗಾಗಿ ಸಿಪ್ಪೆ ಸಮೇತ ಅಳತೆ ಕೊಡುತ್ತದೆ. ಟೆಮ್‌ನಲ್ಲಿ 13 ಇದ್ದದ್ದು ಸಿಟ್ರೇಟ್ ಜೊತೆ ಡಿಎಲ್‌ಎಸ್‌ನಲ್ಲಿ 15-20, ಪೆಗ್ ಜೊತೆ 30ರ ಆಸುಪಾಸು. ಈ ವ್ಯತ್ಯಾಸವೇ ನಿಮ್ಮ ಹೊದಿಕೆಗೆ ಸಾಕ್ಷಿ. ಪೆಗ್ ಹಾಕಿದ ಮೇಲೂ ಅಳತೆ ಬೆಳೆಯದಿದ್ದರೆ ಹೊದಿಕೆ ಕೂತಿಲ್ಲ. ಒಂದೇ ಸಲ 80, 100 ಆದರೆ ಅದು ಹೊದಿಕೆ ಅಲ್ಲ, ಗುಂಪು.

ಡಿಎಲ್‌ಎಸ್‌ನಲ್ಲಿ ಧೂಳು ದೊಡ್ಡ ಶತ್ರು. ಚದುರುವ ಬೆಳಕು ವ್ಯಾಸದ ಆರನೇ ಘಾತದಲ್ಲಿ ಏರುತ್ತದೆ. ವ್ಯಾಸ ಹತ್ತು ಪಟ್ಟಾದರೆ ಬೆಳಕು ಹತ್ತು ಲಕ್ಷ ಪಟ್ಟು. ಒಂದೇ ಒಂದು ದೊಡ್ಡ ಕಣ ಹತ್ತು ಲಕ್ಷ ಚಿಕ್ಕವುಗಳ ಬಾಯಿ ಮುಚ್ಚಿಸುತ್ತದೆ. ತೆಳು ಮಾಡುವ ನೀರನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಯಂತ್ರ ಮೂರು ಬಗೆಯ ನಕ್ಷೆ ಕೊಡುತ್ತದೆ. ಅದರಲ್ಲಿ ಸಂಖ್ಯೆಯ ನಕ್ಷೆ ಯಾವಾಗಲೂ ಚೆಂದ ಕಾಣುತ್ತದೆ, ಗುಂಪುಗಳನ್ನು ಮುಚ್ಚಿಹಾಕುತ್ತದೆ. ಅದನ್ನೇ ರಿಪೋರ್ಟಿಗೆ ಹಾಕುವ ಆಸೆ ಬಿಡಿ. ತೀವ್ರತೆಯ ನಕ್ಷೆ ತೋರಿಸಿ.

ಕಣದ ಮೈಯ ವಿದ್ಯುದಂಶ ಎಷ್ಟು ಎಂದು ಸೂಚಿಸುವ ಜ಼ೀಟಾ ಪೊಟೆನ್ಶಿಯಲ್ ವಿಷಯದಲ್ಲಿ ಹೆಚ್ಚಿನವರು ಗಾಬರಿಯಾಗುವುದು ಇಲ್ಲೇ. ಸಿಟ್ರೇಟ್ ಕಣಕ್ಕೆ ಮೈನಸ್ 30ರಿಂದ 40 ಮಿಲಿವೋಲ್ಟ್ ಬರುತ್ತದೆ. ಪೆಗ್ ಹಾಕಿದ ಮೇಲೆ ಸೊನ್ನೆಯ ಕಡೆ ಇಳಿಯುತ್ತದೆ. "30ಕ್ಕಿಂತ ಕಡಿಮೆ ಇದ್ದರೆ ಅಸ್ಥಿರ ಅಂತ ಓದಿದ್ದೇನೆ, ನನ್ನ ಕಣ ಕೆಟ್ಟಿತಾ ಸಾರ್?" ಕೆಟ್ಟಿಲ್ಲ ಮಾರಾಯ. ಆ 30ರ ನಿಯಮ ವಿದ್ಯುದಂಶದ ಬಲದ ಮೇಲೆ ನಿಂತ ಕಣಗಳಿಗೆ. ನಿನ್ನದು ಈಗ ನಾರಿನ ಬಲದ ಮೇಲೆ ನಿಂತಿದೆ. ಇಳಿದದ್ದೇ ಒಳ್ಳೆಯ ಸುದ್ದಿ. ಅಳೆಯುವಾಗ ಪಿಎಚ್ ಮತ್ತು ಉಪ್ಪಿನ ಪ್ರಮಾಣ ಬರೆದಿಡು, ಅವಿಲ್ಲದ ಜ಼ೀಟಾ ಸಂಖ್ಯೆಗೆ ಅರ್ಥ ಇಲ್ಲ.

ಟೆಮ್ ಗ್ರಿಡ್ಡಿನ ಮೇಲೆ ಹನಿ ಒಣಗುವಾಗ ಕಣಗಳು ತಾವಾಗಿಯೇ ಒತ್ತೊತ್ತಾಗುತ್ತವೆ. ಅದನ್ನು ನೋಡಿ ದ್ರಾವಣದಲ್ಲೂ ಅಂಟಿಕೊಂಡಿವೆ ಎಂದು ತೀರ್ಮಾನಿಸಬೇಡಿ, ಆ ಪ್ರಶ್ನೆಗೆ ಯುವಿ-ವಿಸ್ ಮತ್ತು ಡಿಎಲ್‌ಎಸ್ ಉತ್ತರ ಕೊಡಬೇಕು. ಚೆಂದ ಕಂಡ ಒಂದೇ ಜಾಗದ ಫೋಟೊ ಸಾಲದು. ಗ್ರಿಡ್ಡಿನ ನಾಲ್ಕು ಮೂಲೆಯಿಂದ ಚಿತ್ರ ತೆಗೆದು, ಉಚಿತವಾಗಿ ಸಿಗುವ ಇಮೇಜ್‌ಜೆ ತಂತ್ರಾಂಶದಲ್ಲಿ ಕನಿಷ್ಠ 200 ಕಣ ಅಳೆಯಿರಿ. ಬೇಜಾರಿನ ಕೆಲಸ, ಒಪ್ಪಿಕೊಳ್ಳುತ್ತೇನೆ. ಹಾಡು ಹಾಕಿಕೊಂಡು ಮಾಡಿ. ಸಿಲಿಕಾ ಚಿಪ್ಪಿನವರಿಗೆ ಮಾತ್ರ ಟೆಮ್ ಹಬ್ಬ. ಕಪ್ಪು ಚುಕ್ಕೆಯ ಸುತ್ತ ಬೂದು ಉಂಗುರ ಸ್ಪಷ್ಟವಾಗಿ ಕಾಣುತ್ತದೆ.

ಎಫ್‌ಟಿಐಆರ್‌ನಲ್ಲಿ (ಅವಗೆಂಪು ಬೆಳಕಿನ ಪರೀಕ್ಷೆ) 1100 ಸೆಂ.ಮೀ⁻¹ ಹತ್ತಿರ ಪೆಗ್‌ನ ಪಟ್ಟಿ ಕಂಡಿತು ಎಂದರೆ ಪೆಗ್ ಇದೆ ಎಂದಷ್ಟೇ ಅರ್ಥ. ಅದು ಚಿನ್ನಕ್ಕೆ ಅಂಟಿದೆಯೋ ಸುಮ್ನೆ ಪಕ್ಕದಲ್ಲಿ ಕೂತಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಎಕ್ಸ್‌ಪಿಎಸ್, ಎಕ್ಸ್-ಕಿರಣ ಹಾಯಿಸಿ ಹೊರಬರುವ ಎಲೆಕ್ಟ್ರಾನುಗಳ ಶಕ್ತಿ ಅಳೆಯುವ ಯಂತ್ರ. ಚಿನ್ನಕ್ಕೆ ಕಟ್ಟಿಕೊಂಡ ಗಂಧಕ 162 ಎಲೆಕ್ಟ್ರಾನ್ ವೋಲ್ಟಿನಲ್ಲಿ, ಬಿಡಿ ಥಯಾಲ್ 164ರ ಹತ್ತಿರ ಕಾಣುತ್ತದೆ. ಎಷ್ಟು ಎಳೆ ಕೂತಿವೆ ಎಂದು ತಿಳಿಯಲು ಟಿಜಿಎ. ಒಣಗಿಸಿದ ಪುಡಿಯನ್ನು ಕಾಯಿಸಿ ಎಷ್ಟು ತೂಕ ಸುಟ್ಟುಹೋಯಿತು ಎಂದು ನೋಡುವುದು. ಚದರ ನ್ಯಾನೊಮೀಟರಿಗೆ 2 ಎಳೆ ಇದ್ದರೆ ಒಟ್ಟು ತೂಕದ ಸುಮಾರು 28% ಪೆಗ್ ಇರಬೇಕು, ಲೆಕ್ಕ ಹಾಕಿ ನೋಡಿ. ಆದರೆ ಅದಕ್ಕೆ ಕೆಲವು ಮಿಲಿಗ್ರಾಂ ಪುಡಿ ಬೇಕು, ನಮ್ಮ ಇಡೀ ಬ್ಯಾಚಿನಲ್ಲಿ ಇರುವ ಚಿನ್ನವೇ 10 ಮಿಲಿಗ್ರಾಂ. ಮೂರು ನಾಲ್ಕು ಬ್ಯಾಚು ಒಟ್ಟು ಮಾಡಿಕೊಂಡು ಹೋಗಿ.

ಈ ಯಂತ್ರಗಳು ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ, ಅಲ್ವಾ? ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಸೆನ್ಸ್ ಎಂಬ ನ್ಯಾನೊವಿಜ್ಞಾನ ಕೇಂದ್ರ ಹೊರಗಿನ ಕಾಲೇಜಿನವರಿಗೂ ಅಳತೆ ಮಾಡಿಕೊಡುತ್ತದೆ. ದೇಶದ ಬೇರೆ ಬೇರೆ ಸಂಸ್ಥೆಗಳ ಉಪಕರಣಗಳನ್ನು ಐ-ಸ್ಟೆಮ್ ಪೋರ್ಟಲಿನಲ್ಲಿ ಹುಡುಕಿ ಕಾಯ್ದಿರಿಸಬಹುದು. ಸ್ಯಾಂಪಲ್ ಕಳಿಸುವ ಮುಂಚೆ ಯುವಿ-ವಿಸ್ ಮತ್ತು ಉಪ್ಪಿನ ಪರೀಕ್ಷೆ ನಿಮ್ಮಲ್ಲೇ ಮುಗಿಸಿ. ಕೆಟ್ಟ ಬ್ಯಾಚಿಗೆ ಟೆಮ್ ದುಡ್ಡು ಸುರಿಯುವುದು ಯಾಕೆ? ಬಸ್ಸಿನಲ್ಲಿ ಒಯ್ಯುವುದಾದರೆ ಬಾಟಲಿ ತುಂಬಾ ತುಂಬಿಸಿ, ಪ್ಯಾರಾಫಿಲ್ಮ್ ಸುತ್ತಿ.

ಇಡುವುದು

4 ಡಿಗ್ರಿಯಲ್ಲಿ ಇಡಿ. ಫ್ರೀಜರಿನಲ್ಲಿ ಬೇಡ. ಮಂಜುಗಡ್ಡೆ ಹರಳು ಬೆಳೆಯುವಾಗ ಕಣಗಳನ್ನೆಲ್ಲ ಒಂದು ಮೂಲೆಗೆ ನೂಕುತ್ತದೆ, ಕರಗಿಸಿದಾಗ ಕಪ್ಪು ಚೂರುಗಳು ತೇಲುತ್ತವೆ. ಬಾಟಲಿಯ ಮೇಲೆ ದಿನಾಂಕ, ಕಣದ ಅಳತೆ, ಹೊದಿಕೆ, ಸಾಂದ್ರತೆ, ಮತ್ತು ಮೊದಲ ದಿನದ 650/520 ಸಂಖ್ಯೆ ಬರೆಯಿರಿ. 7ನೇ ದಿನ, 30ನೇ ದಿನ ಮತ್ತೆ ಅಳೆದು ಅದರ ಕೆಳಗೇ ಬರೆಯುತ್ತಾ ಹೋಗಿ.

ತೊಳೆದ ನೀರು, ಕೆಟ್ಟ ಬ್ಯಾಚು ಯಾವುದನ್ನೂ ಸಿಂಕಿಗೆ ಚೆಲ್ಲಬೇಡಿ. ಲ್ಯಾಬಿನ ಮೂಲೆಯಲ್ಲಿ "ಚಿನ್ನದ ತ್ಯಾಜ್ಯ" ಎಂದು ಬರೆದ ಒಂದು ಕ್ಯಾನ್ ಇಡಿ. ಆಕ್ವಾ ರೀಜಿಯಾಕ್ಕೆ ಬೇರೆಯೇ ಪಾತ್ರೆ, ಅದನ್ನು ಈ ಕ್ಯಾನಿಗೆ ಸುರಿಯಬೇಡಿ. ನಮ್ಮ ಲ್ಯಾಬಿನಲ್ಲಿ ಆ ಕ್ಯಾನಿಗೆ ಯಾರೋ ಮಾರ್ಕರಿನಲ್ಲಿ "ಅಕ್ಷಯ ಪಾತ್ರೆ" ಎಂದು ಸೇರಿಸಿದ್ದಾರೆ. ಅದು ತುಂಬಿದಾಗ ಒಂದು ಹಿಡಿ ಉಪ್ಪು ಹಾಕುತ್ತೇವೆ. ಹೊದಿಕೆ ಇಲ್ಲದ ಚಿನ್ನವೆಲ್ಲ ಮರುದಿನಕ್ಕೆ ತಳದಲ್ಲಿ ಕೂತಿರುತ್ತದೆ. ಪೆಗ್ ಹಾಕಿದ್ದು ಮಾತ್ರ ಮೇಲೆ ಕೆಂಪಗೆ ಹಾಗೇ ನಿಂತಿರುತ್ತದೆ.